ಗೃಹಜ್ಯೋತಿ: ಬಾಡಿಗೆ ಮನೆ ಬದಲಾದ ಮೇಲೆ 134 ಯೂನಿಟ್‌ಗೂ ಪೂರ್ತಿ ಬಿಲ್. ಯಾಕೆ?

ನವನಗರ_ಸೆಕ್ಟರ್ (ಬಾಗಲಕೋಟೆ)

ವಿಜಯಪುರದ ಬಾಡಿಗೆ ಮನೆ ಬಿಟ್ಟು ಬಾಗಲಕೋಟೆ ನವನಗರಕ್ಕೆ ಬಂದ ಕುಟುಂಬದ ವಿಷಯ. ಹಳೇ ಮನೆಯಲ್ಲಿ ಗೃಹಜ್ಯೋತಿ ಅರ್ಹತೆ 112 ಯೂನಿಟ್ ಇತ್ತು, ಬಹುತೇಕ ಸೊನ್ನೆ ಬಿಲ್. ಹೊಸ ಮನೆಯ ಮೊದಲ ಬಿಲ್: 134 ಯೂನಿಟ್, ಮಂಜೂರಾದ ಲೋಡ್ 2 ಕಿಲೋವ್ಯಾಟ್, ಇಂಧನ ಹೊಂದಾಣಿಕೆ ಶುಲ್ಕ (ಇಂಧನದ ವೆಚ್ಚಕ್ಕೆ ತಕ್ಕಂತೆ ಬದಲಾಗುವ ಮೊತ್ತ) ಬಿಟ್ಟು ಸುಮಾರು 1,185 ರೂಪಾಯಿ. 200ರ ಒಳಗೆ ಫ್ರೀ ಅಲ್ಲವೇ? ಸೇವಾಸಿಂಧುವಿನಲ್ಲಿ ಮತ್ತೆ ಅರ್ಜಿ ಹಾಕಲು ಹೋದರೆ ಈ ಆಧಾರ್ ಈಗಾಗಲೇ ನೋಂದಣಿಯಾಗಿದೆ ಅಂತ ಬರುತ್ತಿದೆ.

ಇನ್ನೆರಡು ಪ್ರಶ್ನೆ. ಏಪ್ರಿಲ್‌ನಲ್ಲಿ ಕೂಲರ್ ಹಚ್ಚಿದರೆ 200 ದಾಟುವುದು ಖಾತ್ರಿ. ಮನೆ ಮಾಲೀಕರು ಮಾಳಿಗೆ ಮೇಲೆ ಸೋಲಾರ್ ಹಾಕಿಸುವ ಮಾತಾಡುತ್ತಿದ್ದಾರೆ, ಲಾಭ ಇದೆಯೇ? ಮತ್ತು ಮನೆಯ ಹಿರಿಯರ ಉಜ್ವಲಾ ಗ್ಯಾಸ್ ಸಂಪರ್ಕದ 300 ರೂಪಾಯಿ ಸಬ್ಸಿಡಿ ಖಾತೆಗೆ ಬರುವುದು ನಿಂತಿದೆ. ಎಲ್ಲಿ ನೋಡಬೇಕು?

—

ಮೀಟರ್‌ಮಾಸ್ತರ (ವಿಜಯಪುರ)

200 ಅನ್ನೋದು ಎಲ್ಲಾರಿಗೂ ಹಾಕಿದ ಗೆರಿ ಅಷ್ಟೇ ನೋಡ್ರಿ. ನಿಮ್ಮ ಪಾಲಿನ ಮಿತಿ ಬ್ಯಾರೆ, ಅದು ಬಿಲ್‌ನ್ಯಾಗ ಅರ್ಹ ಯೂನಿಟ್ ಅಂತ ಬರದಿರ್ತದ. 2022ರ ಏಪ್ರಿಲ್‌ನಿಂದ 2023ರ ಮಾರ್ಚ್ ತನಕ ಆ ಮೀಟರ್ ಓಡಿದ್ದರ ತಿಂಗಳ ಸರಾಸರಿ ತಗೊಂಡು, ಅದರ ಮ್ಯಾಲೆ 10 ಪರ್ಸೆಂಟ್ ಕೂಡಿಸ್ತಾರ. ಸರಾಸರಿ 48ರ ಒಳಗಿದ್ದ ಮನಿಗೆ ಪರ್ಸೆಂಟ್ ಬದಲು ನೇರ 10 ಯೂನಿಟ್, ಇದು 2024ರ ಜನವರಿ ಸಂಪುಟ ಸಭೆಯ ತೀರ್ಮಾನ. ಆ ವರ್ಷದ ಲೆಕ್ಕಾನೇ ಇಲ್ಲದ ಹೊಸ ಸಂಪರ್ಕಕ್ಕ ರಾಜ್ಯದ ಸರಾಸರಿ 53 ಹಿಡದು 58 ಯೂನಿಟ್ ಕೊಡ್ತಾರ.

ಭಾಳ ಮಂದಿ ತಪ್ಪೋದು ಇಲ್ಲೇ. ಈ ಸರಾಸರಿ ಮೀಟರಿಗೆ ಅಂಟಿಕೊಂಡಿರ್ತದ, ಮನಷ್ಯಾಗ ಅಲ್ಲ. ವಿಜಯಪುರದ 112 ನಿಮ್ಮ ಹಿಂದ ಬಾಗಲಕೋಟಿಗೆ ಬರಂಗಿಲ್ಲ. ನವನಗರದ ಮನ್ಯಾಗ 2022-23ರಾಗ ಒಬ್ಬರೇ ಇದ್ದು 37 ಯೂನಿಟ್ ಸುಟ್ಟಿದ್ರ, ಈಗ ಐದು ಮಂದಿ ಇದ್ರೂ ಅರ್ಹತೆ 47 ಅಷ್ಟೇ. ಹಂಗಾಗಿ ಬಾಡಗಿ ಮನಿ ನೋಡಾಕ ಹೋದಾಗ ನೀರು ಬರ್ತದೇನು ಅಂತ ಕೇಳಿದಂಗ ಹಳೇ ಬಿಲ್ ಒಂದು ಕೇಳಿ ನೋಡೋದು ಛಲೋ.

ನಿಮ್ಮ 1,185ರ ಲೆಕ್ಕ 2025-26ರ ದರಕ್ಕ ಸರಿ ಕೂಡ್ತದ. 134 × 5.80 = 777.20. ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 145ರಂತೆ 290. ಪಿಂಚಣಿ-ಗ್ರಾಚ್ಯುಟಿ ಸರ್ಚಾರ್ಜ್ ಯೂನಿಟ್‌ಗೆ 36 ಪೈಸಾ, 48.24. ತೆರಿಗೆ 9 ಪರ್ಸೆಂಟ್, 69.95. ಮೀಟರ್ ಮ್ಯಾಲೆ ಯಾರ ಆಧಾರೂ ಜೋಡಣೆ ಆಗಿಲ್ಲ, ಅದಕ್ಕ ಪೂರ್ತಿ ಬಂದದ. ಜೋಡಣೆ ಆಗಿ ಅರ್ಹತೆ 47 ಅಂತಿದ್ರ ಹೆಚ್ಚಿನ 87 ಯೂನಿಟ್‌ಗಷ್ಟೇ ದುಡ್ಡು: ಬರೇ ಕರೆಂಟಿನ ಬಾಬ್ತು 504.60, ಮ್ಯಾಲೆ ತೆರಿಗೆ.

200 ದಾಟಿದ್ರ ಮಾತ್ರ ಅರ್ಹತೆ ಗಿರ್ಹತೆ ಏನೂ ಇಲ್ಲ, ಮೊದಲನೇ ಯೂನಿಟ್‌ನಿಂದ ಎಣಸ್ತಾರ. ಅರ್ಹತೆ 150 ಇದ್ದ ಮನಿ 200 ಸುಟ್ರ 50 ಯೂನಿಟ್‌ನ 290 ರೂಪಾಯಿ, ತೆರಿಗೆ ಹಿಡದ್ರ ಮುನ್ನೂರರ ಮ್ಯಾಲೆ. 201 ಸುಟ್ರ 1,165.80, ಸರ್ಚಾರ್ಜ್, ತೆರಿಗೆ, 2 ಕಿಲೋವ್ಯಾಟ್‌ನ 290 ಎಲ್ಲಾ ಕೂಡಿ 1,630ರ ಹೊಂತ್ಯಾಕ. ಒಂದು ಯೂನಿಟ್‌ಗೆ ಸಾವಿರದ ಮ್ಯಾಲೆ ಫರಕು! ಯೋಜನೆ ಮಾಡಿದವರಿಗೆ ಈ ಮೆಟ್ಟಲು ಕಾಣಲಿಲ್ಲೋ, ಕಂಡೇ ಇಟ್ರೋ.

—

ಕುಂದಾಪ್ರಿಯ (ಬೆಳಗಾವಿ)

ಆಧಾರ್ ಈಗಾಗಲೇ ನೋಂದಣಿಯಾಗಿದೆ ಎಂಬುದಕ್ಕೆ ಪರಿಹಾರ ಡಿಲಿಂಕ್. ಒಂದು ಆಧಾರ್‌ಗೆ ಒಂದೇ ಮೀಟರ್. ವಿಜಯಪುರದ ಮೀಟರ್ ಅದನ್ನು ಹಿಡಿದುಕೊಂಡು ಕೂತಿದೆ. 2024ರಿಂದ ಸೇವಾಸಿಂಧುವಿನಲ್ಲಿ ಗೃಹಜ್ಯೋತಿ ಡಿಲಿಂಕ್ ಎಂಬ ಪ್ರತ್ಯೇಕ ಪುಟ ಇದೆ. ಆಧಾರ್ ಸಂಖ್ಯೆ ಹಾಕಿ, ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಬರುವ ಒಟಿಪಿ ಕೊಟ್ಟರೆ ಜೋಡಣೆಯಾಗಿರುವ ಖಾತೆ ಸಂಖ್ಯೆ ಕಾಣುತ್ತದೆ. ಅದು ಹಳೇ ಮನೆಯದೇ ಎಂದು ಹಳೇ ಬಿಲ್ ಪಕ್ಕಕ್ಕಿಟ್ಟು ನೋಡಿ, ಆಮೇಲೆ ತೆಗೆಯಿರಿ.

ನಂತರ ಹೊಸ ನೋಂದಣಿ. ಮೊದಲು ಎಸ್ಕಾಂ, ಅಂದರೆ ವಿದ್ಯುತ್ ಕಂಪನಿಯ ಆಯ್ಕೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರಕ್ಕೂ ಹೆಸ್ಕಾಂ. ಆದರೆ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಬಿಲ್ ಬರುವವರು ಪಟ್ಟಿಯಲ್ಲಿ ಆ ಸಂಘವನ್ನೇ ಆರಿಸಬೇಕು. ಹೆಸ್ಕಾಂ ಒತ್ತಿದರೆ ಖಾತೆಯೇ ಸಿಗುವುದಿಲ್ಲ, ಸಂಖ್ಯೆ ತಪ್ಪಾಗಿದೆ ಅಂತ ಜನ ಪೋರ್ಟಲ್‌ಗೆ ಬೈಯುತ್ತಾರೆ. ಕೇಳುವುದು ಖಾತೆ ಸಂಖ್ಯೆ, ಆರ್‌ಆರ್ ನಂಬರ್ ಅಲ್ಲ. ಎರಡೂ ಬಿಲ್‌ನ ಮೇಲ್ಭಾಗದಲ್ಲೇ ಇರುತ್ತವೆ, ಅದೇ ಗೊಂದಲಕ್ಕೆ ಕಾರಣ. ಖಾತೆ ಸಂಖ್ಯೆ ಹಾಕಿದಾಗ ತೆರೆಯ ಮೇಲೆ ಬರುವ ಹೆಸರು ಮನೆ ಮಾಲೀಕರದ್ದಾಗಿರುತ್ತದೆ, ಗಾಬರಿ ಬೇಡ. ಬಾಡಿಗೆದಾರ ಎಂದು ಗುರುತಿಸಿ. ಬಾಡಿಗೆ ಕರಾರು ಪತ್ರ ಅಥವಾ ಆ ವಿಳಾಸದ ವೋಟರ್ ಐಡಿ ಕೈಯಲ್ಲಿರಲಿ.

ಎರಡು ಕಡೆ ಸಿಕ್ಕಿಹಾಕಿಕೊಳ್ಳಬಹುದು. ಒಂದು, ಹಿಂದಿನ ಬಾಡಿಗೆದಾರರು ತಮ್ಮ ಆಧಾರನ್ನು ಈ ಮೀಟರ್‌ನಿಂದ ಬಿಡಿಸದೇ ಹೋಗಿರುವುದು. ನಿಮಗೆ ಪೂರ್ತಿ ಬಿಲ್ ಬಂದಿರುವುದರಿಂದ ಹಾಗಾಗಿರಲಿಕ್ಕಿಲ್ಲ, ಆದರೂ ಹೇಳಿಟ್ಟಿದ್ದೇನೆ. ಎರಡು, ಮಾಲೀಕರಿಗೆ ನಾಲ್ಕು ಮನೆಗಳಿದ್ದು ತಾವಿಲ್ಲದ ಮನೆಯ ಮೀಟರ್‌ಗೆ ತಮ್ಮ ಆಧಾರ್ ಹಾಕಿರುವುದು. ಆಗ ಅವರೇ ಬಿಡಿಸಬೇಕು. ಮೂರು ಸಂಸಾರಕ್ಕೆ ಒಂದೇ ಮೀಟರ್ ಇದ್ದರೆ ಮೂರು ಆಧಾರ್ ಹಾಕಿ ಉಪಯೋಗವಿಲ್ಲ, 200ರ ಗೆರೆ ಮೀಟರ್ ಒಂದಕ್ಕೇ.

ನೋಂದಣಿಗೆ ಶುಲ್ಕವಿಲ್ಲ. ಕರ್ನಾಟಕ ಒನ್, ಗ್ರಾಮ ಒನ್, ನಾಡಕಚೇರಿಯಲ್ಲೂ ಮಾಡಿಕೊಡುತ್ತಾರೆ. ಲಾಭ ಸಿಗುವುದು ನೋಂದಣಿಯ ಮುಂದಿನ ಬಿಲ್‌ನಿಂದ. ಈಗಾಗಲೇ ಬಂದ 1,185 ಕಟ್ಟಲೇಬೇಕು.

ಸೊನ್ನೆ ಬಿಲ್ ಬರುತ್ತಿರುವ ಮನೆಗೂ ವರ್ಷಕ್ಕೊಮ್ಮೆ ಹೆಚ್ಚುವರಿ ಭದ್ರತಾ ಠೇವಣಿಯ ನೋಟಿಸ್ ಬರಬಹುದು. ಎರಡು ತಿಂಗಳ ಸರಾಸರಿ ಬಿಲ್‌ಗೆ ಸಮನಾಗುವಷ್ಟು ಠೇವಣಿ ಇರಬೇಕೆಂಬ ನಿಯಮ ಅದು, ಗೃಹಜ್ಯೋತಿಗೂ ಅದಕ್ಕೂ ಸಂಬಂಧವಿಲ್ಲ. ಬಾಡಿಗೆ ಮನೆಯಲ್ಲಿ ಅದನ್ನು ಯಾರು ಕಟ್ಟಬೇಕೆಂದು ಕರಾರಿನಲ್ಲೇ ಬರೆಸಿಕೊಳ್ಳಿ, ಯಾಕೆಂದರೆ ಠೇವಣಿ ಉಳಿಯುವುದು ಮಾಲೀಕರ ಖಾತೆಯಲ್ಲಿ.

—

ತಂತಿವೈರಿ (ಜಮಖಂಡಿ)

134 ಯೂನಿಟ್ ನಿಮ್ಮದೇ ಹೌದೋ ಅಲ್ಲೋ ಅನ್ನೋದು ಮೊದಲು ನೋಡ್ರಿ. ಹಳೇ ಮನ್ಯಾಗ 112ರ ಒಳಗ ಮುಗೀತಿತ್ತು, ಅದ ಸಾಮಾನು, ಅದ ಮಂದಿ. 22 ಯೂನಿಟ್ ಎಲ್ಲಿಂದ ಬಂತು?

ಮೀಟರಿನ ಮುಖದ ಮ್ಯಾಲೆ ಕೆಂಪು ದೀಪ ಮಿಣುಕತೈತಿ, ಪಕ್ಕಕ್ಕ 3200 ಇಂಪಲ್ಸ್ ಹಿಂಗ ಒಂದು ಸಂಖ್ಯೆ ಇರತೈತಿ. ಅಂದ್ರ 3200 ಸಲ ಮಿಣುಕಿದ್ರ ಒಂದು ಯೂನಿಟ್. ಮನ್ಯಾಗಿಂದೆಲ್ಲಾ ಬಂದ್ ಮಾಡಿ 1000 ವ್ಯಾಟ್‌ನ ಇಸ್ತ್ರಿಪೆಟ್ಟಿಗಿ ಒಂದ ಹಚ್ಚಿ ನಿಮಿಷ ಎಣಸ್ರಿ. 53ರ ಆಸುಪಾಸು ಬಂದ್ರ ಮೀಟರ್ ಸರಿ ಐತಿ. ವೋಲ್ಟೇಜ್ ಕಮ್ಮಿ ಇದ್ದಾಗ ಎಣಿಕಿನೂ ಕಮ್ಮಿ ಆಗತೈತಿ, ಅದಕ್ಕ ಬೆಳಿಗ್ಗೆ ಲೈನ್ ಛಲೋ ಇದ್ದಾಗ ನೋಡ್ರಿ. ಇಸ್ತ್ರಿ ನಡುವ ತಾನ ಕಟ್ ಆಗತೈತಿ, ಪೂರ್ತಿ ಕಾಯೋದರ ಒಳಗ ಎಣಿಸಿ ಮುಗಸ್ರಿ.

ಎರಡನೇದು, ಮಹತ್ವದ್ದು. ನಿಮ್ಮ ಎಂಸಿಬಿ (ಬೋರ್ಡಿನ ಸಣ್ಣ ಸ್ವಿಚ್ಚು) ಎಲ್ಲಾ ಇಳಸ್ರಿ, ಮೇನ್ ಸ್ವಿಚ್ ಮಾತ್ರ ಮ್ಯಾಲೆ ಇರಲಿ. ದೀಪ ಆಗಲೂ ಮಿಣುಕಿತು ಅಂದ್ರ ಪಕ್ಕದ ಮನಿ ನ್ಯೂಟ್ರಲ್ (ಕರೆಂಟು ವಾಪಸ್ ಹೋಗೋ ತಂತಿ) ನಿಮ್ಮ ನ್ಯೂಟ್ರಲ್‌ಗೆ ಎಲ್ಲೋ ಕೂಡೈತಿ. ಒಂದೊಂದ ಪೋಲಿನ ಎಂಸಿಬಿ ಫೇಸ್ (ಕರೆಂಟು ಬರೋ ತಂತಿ) ಅಷ್ಟ ಕಡಿತಾವು, ನ್ಯೂಟ್ರಲ್ ಹಂಗ ಉಳಿತೈತಿ. ಪಕ್ಕದವರ ಕರೆಂಟು ಅದರಾಗ ಹರದು ವಾಪಸ್ ಹೋಗತೈತಿ. ಈಗಿನ ಸಿಂಗಲ್ ಫೇಸ್ ಮೀಟರ್ ಕಳುವು ಹಿಡಿಲಾಕ ಫೇಸು, ನ್ಯೂಟ್ರಲ್ ಎರಡರಾಗೂ ಅಳಿತಾವು, ಯಾವುದು ಹೆಚ್ಚೋ ಅದನ್ನ ಬರಕೋತಾವು. ಅರ್ಥ್ ಅನ್ನೋ ಸೂಚನೆ ಹತ್ತಿದ್ರ ಅನುಮಾನ ಇನ್ನೂ ಗಟ್ಟಿ. ಆಮ್ಯಾಲೆ ಎರಡೂ ತಂತಿ ಕಡಿಯೋ ಮೇನ್ ಇಳಸ್ರಿ. ದೀಪ ನಿಂತ್ರ ದೋಷ ಒಳಗಿನ ವೈರಿಂಗ್‌ದಾಗ ಐತಿ, ಮೀಟರ್‌ದು ತಪ್ಪಿಲ್ಲ. ಒಂದ ಮಾಳಿಗೀ ಕೆಳಗ ಎರಡು-ಮೂರು ಪೋರ್ಷನ್ ಮಾಡಿದ ಮನ್ಯಾಗ, ಮೆಟ್ಟಲ ಲೈಟು, ನೀರಿನ ಮೋಟಾರು ಕೂಡಿಸೋವಾಗ ಈ ತಪ್ಪು ಆಗತೈತಿ. ಬಿಚ್ಚಿ ಬ್ಯಾರೆ ಮಾಡೋದು ವೈರಿಂಗ್ ಗೊತ್ತಿದ್ದವರ ಕೆಲಸ, ನೀವ ಕೈ ಹಾಕಬ್ಯಾಡ್ರಿ.

ಮಗ್ಗದ ಮನಿಯವರಿಗೆ ಒಂದು ಮಾತು. ರಬಕವಿ-ಬನಹಟ್ಟಿ, ಇಳಕಲ್ ಕಡೆ ಮನಿ ಲೈನಿನಿಂದ ವಿದ್ಯುತ್ ಮಗ್ಗ ಓಡಿಸಿದ್ರ 200 ಎಲ್ಲೀದು? ಗೃಹಜ್ಯೋತಿ ಮನಿ ಬಳಕೆಗಷ್ಟ. ಮಗ್ಗದ ಮೀಟರ್ ಬ್ಯಾರೆ ತಗೊಂಡ್ರ ನೇಕಾರರ ವಿದ್ಯುತ್ ಯೋಜನೆ ಬ್ಯಾರೇನ ಐತಿ, ಕೈಮಗ್ಗ ಮತ್ತು ಜವಳಿ ಇಲಾಖೆಯಾಗ ಕೇಳ್ರಿ.

—

ನವನಗರ_ಸೆಕ್ಟರ್ (ಬಾಗಲಕೋಟೆ)

ಎಂಸಿಬಿ ಇಳಿಸಿದರೂ ದೀಪ ಮಿಣುಕುತ್ತಿದೆ, ಮೇನ್ ಇಳಿಸಿದರೆ ನಿಲ್ಲುತ್ತದೆ. ಮಾಲೀಕರಿಗೆ ಹೇಳಲಾಗಿದೆ. ಕೂಲರ್, ಸೋಲಾರ್ ಬಗ್ಗೆ?

—

ಬಿಸಿಲೂರು (ವಿಜಯಪುರ)

ಕೂಲರ್ ಒಂದರಿಂದಲೇ 200 ದಾಟುವುದಿಲ್ಲ. 180 ವ್ಯಾಟ್ ಕೂಲರ್ 10 ತಾಸು ಓಡಿದರೆ ದಿನಕ್ಕೆ 1.8, ತಿಂಗಳಿಗೆ 54 ಯೂನಿಟ್. ನ್ಯೂಟ್ರಲ್ ಸರಿಪಡಿಸಿ 112ಕ್ಕೆ ಇಳಿದರೆ 166ರಲ್ಲೇ ನಿಲ್ಲುತ್ತೀರಿ. ದಾಟಿಸುವುದು ಸದ್ದಿಲ್ಲದ ಸಾಮಾನುಗಳು. 2 ಕಿಲೋವ್ಯಾಟ್ ಗೀಸರ್ ಅರ್ಧ ತಾಸಿಗೆ ಒಂದು ಯೂನಿಟ್. ಮಾಳಿಗೆ ಟಾಕಿಯ ನೀರೇ ಕುದಿಯುವ ಏಪ್ರಿಲ್‌ನಲ್ಲಿ ಅದನ್ನು ಯಾಕೆ ಹಚ್ಚಬೇಕು? 75 ವ್ಯಾಟ್‌ನ ಹಳೇ ಫ್ಯಾನ್ 15 ತಾಸಿಗೆ 1.1 ಯೂನಿಟ್ ತಿಂದರೆ 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ 0.45 ತಿನ್ನುತ್ತದೆ. ಒಂದು ಎಚ್‌ಪಿ ಮೋಟಾರು ತಾಸಿಗೆ ಹೆಚ್ಚುಕಡಿಮೆ ಒಂದು ಯೂನಿಟ್, ಫುಟ್‌ವಾಲ್ವ್ ಸೋರಿ ನೀರೆತ್ತದೇ ಗುಂಯ್ ಎನ್ನುತ್ತಿದ್ದರೂ ಮೀಟರ್ ಬಿಡುವುದಿಲ್ಲ.

ಬಿಲ್ ಬಂದ ದಿನದ ರೀಡಿಂಗ್ ಬರೆದಿಟ್ಟು 20ನೇ ದಿನ ನೀವೇ ಒಮ್ಮೆ ನೋಡಿ. 133ರ ಮೇಲೆ ಹೋಗಿದ್ದರೆ 30 ದಿನಕ್ಕೆ 200 ಮುಟ್ಟುವ ಓಟ ಅದು. ರೀಡಿಂಗ್ ತಡವಾಗಿ ಬಂದು 35 ದಿನದ ಬಳಕೆ ಒಂದೇ ಬಿಲ್‌ಗೆ ಬಿದ್ದು 200 ದಾಟಿತೋ, ಹಿಂದಿನ ಮತ್ತು ಈಗಿನ ರೀಡಿಂಗ್ ದಿನಾಂಕ ತೋರಿಸಿ ಉಪವಿಭಾಗ ಕಚೇರಿಗೆ ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ಪಡೆಯಿರಿ. 1912ಕ್ಕೆ ಫೋನ್ ಮಾಡಿದರೆ ದೂರು ಸಂಖ್ಯೆ ಬರೆದುಕೊಳ್ಳಿ. ಅಲ್ಲಿಗೂ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ. ಮನೆಗೆ ಬೀಗ ಹಾಕಿದ್ದು ಎರಡು ತಿಂಗಳ ಯೂನಿಟ್ ಒಟ್ಟಿಗೆ ಬಂದಾಗಲೂ ಇದೇ ದಾರಿ.

ಸೋಲಾರ್: ಪಿಎಂ ಸೂರ್ಯಘರ್ ಸಬ್ಸಿಡಿ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಅಥವಾ ಮೇಲಿನದಕ್ಕೆ 78,000. ನಮ್ಮ ಕಡೆ ಬಿಸಿಲಿಗೆ ಬರವಿಲ್ಲ, ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್ ಹಿಡಿಯಬಹುದು. 3 ಕಿಲೋವ್ಯಾಟ್‌ಗೆ ತಿಂಗಳಿಗೆ 350ರ ಸುಮಾರು. ಆದರೆ ನಿಮ್ಮಂಥ ಮನೆಗೆ ಅದು ಬೇಡ ಅಂತಲೇ ನನ್ನ ಅಭಿಪ್ರಾಯ. 112 ಸುಟ್ಟು, ಅರ್ಹತೆ 47 ಎಂದೇ ಹಿಡಿದು ಕಳೆದರೆ ದುಡ್ಡು ಕಟ್ಟುವುದು 65 ಯೂನಿಟ್‌ಗೆ, ಅಷ್ಟನ್ನು ಉಳಿಸಲು ಲಕ್ಷ ಸುರಿಯುವುದು ಯಾವ ಲೆಕ್ಕ? ವರ್ಷವಿಡೀ 250-300 ದಾಟುವ, ಗೃಹಜ್ಯೋತಿ ದಕ್ಕದ ಮನೆಗೆ ಅದು ಹೇಳಿಮಾಡಿಸಿದ್ದು.

ಮಾಲೀಕರು ಹಾಕಿಸಿಯೇ ತೀರುತ್ತಾರೆಂದರೆ ಅರ್ಜಿ ಹಾಕುವವರ ಹೆಸರಲ್ಲೇ ವಿದ್ಯುತ್ ಬಿಲ್ ಇರಬೇಕು. ತೀರಿಕೊಂಡ ತಂದೆಯ ಹೆಸರಲ್ಲಿದ್ದರೆ ಮೊದಲು ಹೆಸರು ಬದಲಾವಣೆ. ಪ್ಯಾನಲ್ ದೇಶದಲ್ಲೇ ತಯಾರಾದ ಸೆಲ್‌ನದ್ದಾಗಿರಬೇಕು, ಡಿಸಿಆರ್ ಎಂದು ಕೋಟೇಶನ್‌ನಲ್ಲೂ ಬಿಲ್‌ನಲ್ಲೂ ಬರೆಸಿಕೊಳ್ಳಿ. ಅಗ್ಗವೆಂದು ಬೇರೆ ಪ್ಯಾನಲ್ ಕೂರಿಸಿದರೆ ಸಬ್ಸಿಡಿ ಹೋಯಿತು. ಪೋರ್ಟಲ್‌ನಲ್ಲಿ ನೋಂದಾಯಿತ ಏಜೆನ್ಸಿಯೇ ಆಗಿರಬೇಕು. ಸಬ್ಸಿಡಿ ಬರುವುದು ನೆಟ್ ಮೀಟರ್ (ಲೈನಿಗೆ ಕೊಟ್ಟ, ಲೈನಿನಿಂದ ಪಡೆದ ಎರಡೂ ಕರೆಂಟು ಎಣಿಸುವ ಮೀಟರ್) ಕೂತು ಪರಿಶೀಲನೆ ಮುಗಿದ ಮೇಲೆ, ಗ್ರಾಹಕರ ಬ್ಯಾಂಕ್ ಖಾತೆಗೇ.

—

ಕುಂದಾಪ್ರಿಯ (ಬೆಳಗಾವಿ)

ಗ್ಯಾಸ್ ಪ್ರಶ್ನೆ ಉಳಿದುಹೋಯಿತು. ಉಜ್ವಲಾದಲ್ಲಿ 14.2 ಕಿಲೋ ಸಿಲಿಂಡರ್‌ಗೆ 300 ರೂಪಾಯಿ. ಮೊದಲು ವರ್ಷಕ್ಕೆ 12 ಸಿಲಿಂಡರ್‌ಗೆ ಇತ್ತು, 2025-26ಕ್ಕೆ 9ಕ್ಕೆ ಇಳಿಸಿದರು. ಹಾಗಾಗಿ ಆ ವರ್ಷದ ಹತ್ತನೇ ಸಿಲಿಂಡರ್‌ಗೆ ಬಂದಿಲ್ಲವೆಂದರೆ ಅದು ದೋಷವಲ್ಲ.

ಅದಕ್ಕೂ ಮೊದಲೇ ನಿಂತಿದ್ದರೆ ಎರಡು ಕಡೆ ನೋಡಿ. ಇ-ಕೆವೈಸಿ ಆಗಿದೆಯೇ ಎಂದು ಗ್ಯಾಸ್ ಏಜೆನ್ಸಿಯಲ್ಲಿ ಕೇಳಿ. ವಯಸ್ಸಾದವರ ಬೆರಳಚ್ಚು ಹಿಡಿಯದಿದ್ದರೆ ಕಂಪನಿಯ ಆ್ಯಪ್‌ನಲ್ಲಿ ಮುಖ ತೋರಿಸಿಯೂ ಮಾಡಬಹುದು. ಇನ್ನೊಂದು, ಆಧಾರ್ ಯಾವ ಬ್ಯಾಂಕ್‌ಗೆ ಜೋಡಣೆಯಾಗಿದೆ ಎಂಬುದು. ಗೃಹಲಕ್ಷ್ಮಿಗಾಗಿ ಹೊಸ ಖಾತೆ ತೆರೆದು ಆಧಾರ್ ಕೊಟ್ಟಿದ್ದರೆ ಜೋಡಣೆ ಆ ಬ್ಯಾಂಕ್‌ಗೆ ಸರಿದಿರುತ್ತದೆ, ಗ್ಯಾಸ್ ದುಡ್ಡೂ ಅಲ್ಲಿಗೇ ಹೋಗುತ್ತದೆ. ಹಳೇ ಪಾಸ್‌ಬುಕ್ ಎಷ್ಟು ಸಲ ಎಂಟ್ರಿ ಮಾಡಿಸಿದರೂ ಕಾಣುವುದಿಲ್ಲ. ಆಧಾರ್ ವೆಬ್‌ಸೈಟ್‌ನಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ತೆರೆದರೆ ಬ್ಯಾಂಕ್‌ನ ಹೆಸರು ಬರುತ್ತದೆ. ಆ ಪಾಸ್‌ಬುಕ್ ಹುಡುಕಿ ಎಂಟ್ರಿ ಮಾಡಿಸಿ.