ಮೈಕ್ರೋವೇವ್‌ಗೆ ಗುರುತಿಲ್ಲದ ಪಾತ್ರೆ ಇಡಬಹುದಾ? ಅಂಚು ಕುದಿದರೂ ನಡು ತಣ್ಣಗಿರೋದು ಯಾಕೆ?

ಪ್ರಶ್ನೆ
ಪಿಂಗಾಣಿ ಬಟ್ಟಲುಗಳ ತಳದಲ್ಲಿ ಯಾವ ಗುರುತೂ ಇಲ್ಲ. ಒಂದರ ಅಂಚಿಗೆ ಚಿನ್ನದ ಬಣ್ಣದ ಗೆರೆ ಇದೆ. ಪ್ಲಾಸ್ಟಿಕ್ ಡಬ್ಬಿಗಳ ಮೇಲೆ ತ್ರಿಕೋನದೊಳಗೆ 5 ಅಂತ ಇದೆ. ಇವುಗಳಲ್ಲಿ ಯಾವುದನ್ನು ಧೈರ್ಯವಾಗಿ ಇಡಬಹುದು? ಇನ್ನೊಂದು, ಓವನ್ 700 ವ್ಯಾಟ್‌ದು. ಫ್ರಿಜ್‌ನಿಂದ ತೆಗೆದ ಅನ್ನ ಬಿಸಿ ಮಾಡಿದರೆ ಅಂಚಿನಲ್ಲಿ ಒಣಗಿ ಗಟ್ಟಿಯಾಗುತ್ತೆ, ನಡುವೆ ಮಾತ್ರ ತಣ್ಣಗೇ ಇರುತ್ತೆ.

ಉತ್ತರ 1
ಪಿಂಗಾಣಿಗೆ ಸುಲಭದ ಪರೀಕ್ಷೆ ಇದೆ. ಖಾಲಿ ಬಟ್ಟಲನ್ನು ಒಳಗಿಟ್ಟು, ಪಕ್ಕದಲ್ಲಿ ಗಾಜಿನ ಲೋಟದಲ್ಲಿ 250 ಮಿ.ಲೀ. ನೀರು ಇಡಿ. ಪೂರ್ತಿ ಪವರ್‌ನಲ್ಲಿ 1 ನಿಮಿಷ ಓಡಿಸಿ. ನೀರು ಬೆಚ್ಚಗಾಗಿ ಬಟ್ಟಲು ತಣ್ಣಗೇ ಇದ್ದರೆ ಬಳಸಬಹುದು. ಬಟ್ಟಲೇ ಬಿಸಿಯಾಗಿದ್ದರೆ ಅದು ಅಲೆಗಳನ್ನು ತಾನೇ ಹೀರುತ್ತಿದೆ ಅಂತ ಅರ್ಥ, ಪಕ್ಕಕ್ಕಿಡಿ. ನೀರಿನ ಲೋಟ ಮಾತ್ರ ತಪ್ಪಿಸಬೇಡಿ. ಒಳಗೆ ಹೀರಿಕೊಳ್ಳಲು ಏನೂ ಇಲ್ಲದಿದ್ದರೆ ಶಕ್ತಿ ಮ್ಯಾಗ್ನೆಟ್ರಾನ್ (ಅಲೆ ಹುಟ್ಟಿಸುವ ಭಾಗ) ಕಡೆಗೇ ತಿರುಗಿ ಅದನ್ನು ಹಾಳು ಮಾಡಬಹುದು.

ಚಿನ್ನದ ಗೆರೆಯದಕ್ಕೆ ಪರೀಕ್ಷೆಯೂ ಬೇಡ. ಅಂಥ ಗೆರೆ ಸಾಮಾನ್ಯವಾಗಿ ತೆಳುವಾದ ಲೋಹವೇ, ಕಿಡಿ ಹಾರುತ್ತದೆ. ಮೆರುಗು ಬಿರುಕು ಬಿಟ್ಟ ಬಟ್ಟಲೂ ಬೇಡ. ತೊಳೆಯುವಾಗ ಬಿರುಕಿನೊಳಗೆ ನೀರು ಇಳಿದಿರುತ್ತದೆ, ಅದು ಆವಿಯಾದಾಗ ಪಾತ್ರೆ ಸೀಳುತ್ತದೆ.

ಉತ್ತರ 2
ಮೇಲಿನ ಪರೀಕ್ಷೆಯನ್ನು ಪ್ಲಾಸ್ಟಿಕ್‌ಗೆ ನೆಚ್ಚಿಕೊಳ್ಳಬೇಡಿ. ಪ್ಲಾಸ್ಟಿಕ್ ಅಲೆಯಿಂದ ಬಿಸಿಯಾಗದಿರಬಹುದು, ಒಳಗಿರುವ ಅಡುಗೆಯಿಂದ ಬಿಸಿಯಾಗಿಯೇ ಆಗುತ್ತದೆ. 5 ಅಂದರೆ ಪಾಲಿಪ್ರೊಪಿಲೀನ್. ಕರಗಲು ಸುಮಾರು 160 ಡಿಗ್ರಿ ಸೆಲ್ಸಿಯಸ್ ಬೇಕು, ಹಾಗಾಗಿ ಬೇರೆ ಪ್ಲಾಸ್ಟಿಕ್‌ಗಳಿಗಿಂತ ವಾಸಿ. ಆದರೆ ಆ ಅಂಕೆ ಪ್ಲಾಸ್ಟಿಕ್‌ನ ಜಾತಿ ಹೇಳುತ್ತದೆಯೇ ಹೊರತು ಓವನ್‌ಗೆ ಇಡಿ ಅನ್ನುವುದಿಲ್ಲ. ಅದಕ್ಕೆ ಅಲೆಗಳ ಚಿತ್ರವೋ ‘ಮೈಕ್ರೋವೇವ್ ಸೇಫ್’ ಎಂಬ ಬರಹವೋ ಬೇರೆ ಇರಬೇಕು.

ಗುರುತಿದ್ದರೂ ಎಣ್ಣೆ, ತುಪ್ಪ, ಸಕ್ಕರೆ ಪಾಕ ಇರುವುದನ್ನು ಗಾಜಿಗೆ ಹಾಕಿಯೇ ಬಿಸಿ ಮಾಡಿ. ನೀರಿನಂಶ ಜಾಸ್ತಿ ಇರುವ ಅಡುಗೆ 100 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತದೆ. ಎಣ್ಣೆ, ಪಾಕ ಅದನ್ನು ದಾಟಿ ಹೋಗುತ್ತವೆ. ಡಬ್ಬಿಯ ಒಳಗೋಡೆಯಲ್ಲಿ ಎಣ್ಣೆಯ ಮಟ್ಟಕ್ಕೆ ಸರಿಯಾಗಿ ಒರಟಾದ, ಬೆಳ್ಳಗಿನ ಗೆರೆ ಕಾಣುತ್ತಲ್ಲ, ಅದು ಪ್ಲಾಸ್ಟಿಕ್ ಬೆಂದ ಗುರುತು. ಅಂಥ ಡಬ್ಬಿ ಮತ್ತೆ ಒಳಗಿಡಬಾರದು.

ಮೆಲಮೈನ್ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ತಟ್ಟೆ ಪಿಂಗಾಣಿಯಂತೆಯೇ ಕಂಡು ಮೋಸ ಮಾಡುತ್ತದೆ. ಹಗುರವಾಗಿದ್ದು, ಬೆರಳಲ್ಲಿ ತಟ್ಟಿದರೆ ಖಣ್ ಅನ್ನದೆ ಮಂದವಾಗಿ ಸದ್ದು ಮಾಡಿದರೆ ಅನುಮಾನಿಸಿ. ಅದು ತಾನೇ ಬಿಸಿಯಾಗಿ ಅಡುಗೆಗೆ ಮೆಲಮೈನ್ ಬಿಡುತ್ತದೆ.

ಉತ್ತರ 3
ಅನ್ನದ ವಿಷಯ. ಅಲೆಗಳ ಬಲವೆಲ್ಲ ಹೊರಗಿನ 2-3 ಸೆಂ.ಮೀ.ನಲ್ಲೇ ಬಹುಪಾಲು ಮುಗಿಯುತ್ತದೆ. ಅದಕ್ಕಿಂತ ಒಳಗೆ ಬಿಸಿ ತಾನಾಗಿಯೇ ಹರಡಬೇಕು, ಅದಕ್ಕೆ ಹೊತ್ತು ಬೇಕು. ಗುಪ್ಪೆ ಹಾಕಿ ಪೂರ್ತಿ ಪವರ್ ಕೊಟ್ಟರೆ ಅಂಚು ಒಣಗದೆ ಇನ್ನೇನಾದೀತು?

ಅಗಲ ತಟ್ಟೆಯಲ್ಲಿ ಬಳೆಯ ಹಾಗೆ ಹರಡಿ, ನಡುವೆ ಖಾಲಿ ಬಿಡಿ. 1 ಬಟ್ಟಲು ಅನ್ನಕ್ಕೆ 1 ದೊಡ್ಡ ಚಮಚ ನೀರು ಚಿಮುಕಿಸಿ, ಮುಚ್ಚಳವನ್ನು ಓರೆಯಾಗಿ ಮುಚ್ಚಿ. ಬಿಗಿಯಾಗಿ ಮುಚ್ಚಿದರೆ ಆವಿ ಅದನ್ನು ಎಗರಿಸುತ್ತದೆ. ಒಂದೂವರೆ ನಿಮಿಷ ಬಿಸಿ ಮಾಡಿ, ತಿರುವಿ, ಇನ್ನೊಂದು ನಿಮಿಷ 50% ಪವರ್‌ನಲ್ಲಿ ಇಡಿ. ಸಾಮಾನ್ಯ ಓವನ್‌ನಲ್ಲಿ 50% ಅಂದರೆ ಅರ್ಧ ಬಲ ಅಲ್ಲ, ಮ್ಯಾಗ್ನೆಟ್ರಾನ್ ಅರ್ಧ ಹೊತ್ತು ಆಫ್ ಆಗಿರುತ್ತದೆ. ಆ ಬಿಡುವಿನಲ್ಲೇ ಬಿಸಿ ಒಳಗಿಳಿಯುವುದು. ಆಮೇಲೆ 2 ನಿಮಿಷ ಮುಚ್ಚಿಯೇ ಬಿಡಿ. ಅಡುಗೆಯ ಥರ್ಮಾಮೀಟರ್ ಇದ್ದರೆ ನಡುಭಾಗ 74 ಡಿಗ್ರಿ ಮುಟ್ಟಿದೆಯಾ ನೋಡಿ.

ಪಾಕವಿಧಾನ 1000 ವ್ಯಾಟ್‌ಗೆ 3 ನಿಮಿಷ ಅಂದರೆ ನಿಮ್ಮದಕ್ಕೆ 3 × 1000 ÷ 700, ಅಂದರೆ ಸುಮಾರು 4 ನಿಮಿಷ 15 ಸೆಕೆಂಡ್.

ಪ್ರಶ್ನೆ ಕೇಳಿದವರು
ಥ್ಯಾಂಕ್ಸ್. ಬರೀ ನೀರು ಕಾಯಿಸುವಾಗ ಎಚ್ಚರ ಬೇಕು ಅಂತಾರೆ, ನಿಜಾನಾ? ಮೊಟ್ಟೆ?

ಉತ್ತರ 1
ನಿಜ. ನುಣುಪಾದ ಲೋಟದಲ್ಲಿ ನೀರು 100 ಡಿಗ್ರಿ ದಾಟಿದರೂ ಗುಳ್ಳೆಯೇ ಏಳದೆ ಸುಮ್ಮನಿರಬಹುದು. ಕಾಫಿಪುಡಿ ಹಾಕಿದ ತಕ್ಷಣ ಒಮ್ಮೆಲೇ ಉಕ್ಕಿ ಕೈಮುಖಕ್ಕೆ ಎರಚುತ್ತದೆ. ಮರದ ಕಡ್ಡಿಯೊಂದನ್ನು ಹಾಕಿಯೇ ಕಾಯಿಸಿ, ಆಫ್ ಆದ ಮೇಲೆ ಅರ್ಧ ನಿಮಿಷ ಮುಟ್ಟಬೇಡಿ. ಒಮ್ಮೆ ಕಾದ ನೀರನ್ನು ಮತ್ತೆ ಕಾಯಿಸುವಾಗ ಈ ಅಪಾಯ ಹೆಚ್ಚು.

ಮೊಟ್ಟೆಯನ್ನು ಸಿಪ್ಪೆ ಸಮೇತ ಇಡಲೇಬಾರದು. ಬೇಯಿಸಿ ಸಿಪ್ಪೆ ಸುಲಿದದ್ದೂ ಸಿಡಿಯುತ್ತದೆ, ಕೆಲವೊಮ್ಮೆ ಹೊರತೆಗೆದು ಕಚ್ಚಿದಾಗ! ಕತ್ತರಿಸಿ ಇಡಿ. ಇಡೀ ಆಲೂಗಡ್ಡೆಗೂ ನಾಲ್ಕೈದು ಕಡೆ ಫೋರ್ಕ್‌ನಿಂದ ಚುಚ್ಚಿ.

ಉತ್ತರ 2
ಕನ್ವೆಕ್ಷನ್ (ಬಿಸಿ ಗಾಳಿಯಿಂದ ಬೇಯಿಸುವ ಮೋಡ್) ಇರುವ ಓವನ್ ಆದರೆ ಇದೂ ಗಮನದಲ್ಲಿರಲಿ: ಆ ಮೋಡ್‌ನಲ್ಲಿ ಗಾಳಿಯೇ 200 ಡಿಗ್ರಿವರೆಗೂ ಹೋಗಬಹುದು, ‘ಮೈಕ್ರೋವೇವ್ ಸೇಫ್’ ಪ್ಲಾಸ್ಟಿಕ್ಕೂ ಕರಗುತ್ತದೆ. ಲೋಹದ ಬೇಕಿಂಗ್ ಟ್ರೇ ಅಲ್ಲಿ ನಡೆಯುತ್ತದೆ, ಬರೀ ಮೈಕ್ರೋ ಮೋಡ್‌ಗೆ ಬದಲಿಸುವ ಮುಂಚೆ ತೆಗೆದುಬಿಡಿ.