ಕಸ್ಟಮರ್ ಕಾರ್ಬನ್ ಲೆಕ್ಕ ಕೇಳುತ್ತಿದ್ದಾರೆ, 42% ಇಳಿಸುತ್ತೇನೆ ಅಂತ ಸಹಿ ಹಾಕಬೇಕಾ?

ಪೀಣ್ಯ_ಲೇತ್:
ಎಲ್ಲರಿಗೂ ನಮಸ್ಕಾರ. ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಚಿಕ್ಕ ಮೆಷಿನ್ ಶಾಪ್. ಕಂಪ್ಯೂಟರ್ ನಡೆಸುವ ಆರು ಸಿಎನ್‌ಸಿ ಲೇತ್, ಎರಡು ವಿಎಂಸಿ ಮಿಲ್ಲಿಂಗ್ ಮೆಷಿನ್, ಹದಿನಾಲ್ಕು ಜನ. ಸ್ಟೀಲ್ ಬುಷ್, ಹೈಡ್ರಾಲಿಕ್ ಫಿಟ್ಟಿಂಗ್ ಮಾಡುತ್ತೇವೆ. ಹನ್ನೊಂದು ವರ್ಷದ ಹಳೇ ಕಸ್ಟಮರ್ ಹೋದ ವಾರ ಒಂದು ಎಕ್ಸೆಲ್ ಶೀಟ್ ಕಳಿಸಿದ್ದಾರೆ. ಸ್ಕೋಪ್ 1, 2, 3 ಅಂತ ಮೂರು ಕಾಲಂ. ಜೊತೆಗೊಂದು ಪತ್ರ. 2030ರೊಳಗೆ 42% ಇಳಿಸುತ್ತೇನೆ ಅಂತ ನಾನು ಬರೆದು ಕೊಡಬೇಕಂತೆ. ರೇಟ್ ಕೇಳಿದರೆ ಎರಡು ರೂಪಾಯಿ ಏರಿಸಲ್ಲ, ಇದಕ್ಕೆ ಮಾತ್ರ ಹದಿನೈದು ದಿನದ ಗಡುವು! ನಮ್ಮ ಶೆಡ್‌ಗೆ ಚಿಮಣಿನೇ ಇಲ್ಲ, ಯಾವ ಹೊಗೆ ಇಳಿಸಲಿ? ಒಬ್ಬ ಕನ್ಸಲ್ಟೆಂಟ್ ಎಂಬತ್ತು ಸಾವಿರ ಕೇಳುತ್ತಿದ್ದಾನೆ. ಸುಮ್ನೆ ಸಹಿ ಹಾಕಿ ಕಳಿಸಿಬಿಡಲಾ?

ಟೂಲ್‌ರೂಮ್_ಮಂಜು:
ಎಲ್ಲಾ ಪೇಪರ್ ಆಟ ಗುರು. ಐಎಸ್‌ಒ ಬಂದಾಗಲೂ ಹಿಂಗೇ ಕುಣಿಸಿದರು. ಸಹಿ ಹಾಕಿ ಕಳಿಸಿ, ಯಾರೂ ಓದಲ್ಲ.

ಸಪ್ಲೈಯರ್_ಡೆಸ್ಕ್:
ಓದುತ್ತಾರೆ ಮಂಜು ಅವರೇ, ನಾನೇ ಓದೋದು. ಇನ್ನೊಂದು ಕಂಪನಿಯಲ್ಲಿ ಇಂಥದ್ದೇ ಶೀಟ್ ಕಳಿಸುವುದು ನನ್ನ ಕೆಲಸ, ಬೈಯಬೇಡಿ. ಷೇರು ಪೇಟೆಯ ಮೊದಲ 1000 ಕಂಪನಿಗಳು 2022-23ರಿಂದ ಪೇಟೆ ನಿಯಂತ್ರಕ ಸೆಬಿಗೆ ಬಿಆರ್‌ಎಸ್‌ಆರ್ ಅಂತ ಪರಿಸರ, ಸಾಮಾಜಿಕ ಹೊಣೆಯ ವರದಿ ಕೊಡಲೇಬೇಕು, ಆ ಒತ್ತಡ ಮೇಲಿನಿಂದ ಇಳಿದು ಇಳಿದು ನಿಮ್ಮ ಶೆಡ್ ಬಾಗಿಲಿಗೆ ಬಂದಿದೆ ಅಷ್ಟೆ.

ಪೀಣ್ಯ ಸರ್, ಲೆಕ್ಕಕ್ಕೆ ಎಂಬತ್ತು ಸಾವಿರ ಬೇಡ. ಬೆಸ್ಕಾಂ ಬಿಲ್, ಡೀಸೆಲ್ ಬಿಲ್, ಸ್ಟೀಲ್ ಇನ್‌ವಾಯ್ಸ್, ಇಷ್ಟೇ ಸಾಕು. ಜನರೇಟರ್‌ಗೆ ಸುಟ್ಟ ಡೀಸೆಲ್ ಸ್ಕೋಪ್ 1, ಲೀಟರಿಗೆ ಸುಮಾರು 2.7 ಕೆಜಿ ಕಾರ್ಬನ್ ಡೈಆಕ್ಸೈಡ್. ಕರೆಂಟ್ ಸ್ಕೋಪ್ 2, ನಮ್ಮ ದೇಶದ ಗ್ರಿಡ್‌ಗೆ ಯೂನಿಟ್ಟಿಗೆ ಸುಮಾರು 0.7 ಕೆಜಿ. ನಿಮ್ಮ ಹೊಗೆ ಇರೋದು ರಾಯಚೂರಿನ ಚಿಮಣಿಯಲ್ಲಿ, ಪೀಣ್ಯದಲ್ಲಿ ಅಲ್ಲ! ಕೊಂಡ ಸ್ಟೀಲ್ ಸ್ಕೋಪ್ 3. ಕರೆಂಟ್ ಎಷ್ಟು ಸುಡುತ್ತೀರಿ, ಸ್ಟೀಲ್ ಎಷ್ಟು ತರಿಸುತ್ತೀರಿ?

ಪೀಣ್ಯ_ಲೇತ್:
ತಿಂಗಳಿಗೆ 15,000 ಯೂನಿಟ್. ಡೀಸೆಲ್ ವರ್ಷಕ್ಕೆ 1,200 ಲೀಟರ್ ಇರಬಹುದು. ಸ್ಟೀಲ್ ವರ್ಷಕ್ಕೆ 300 ಟನ್.

ಸಪ್ಲೈಯರ್_ಡೆಸ್ಕ್:
ನೋಡಿ ಹಾಗಾದರೆ. ಡೀಸೆಲ್ 3 ಟನ್ ಚಿಲ್ಲರೆ. ಕರೆಂಟ್ 126 ಟನ್. ನಮ್ಮ ದೇಶದಲ್ಲಿ ಒಂದು ಟನ್ ಸ್ಟೀಲ್ ಮಾಡಲು ಸರಾಸರಿ ಎರಡೂವರೆ ಟನ್ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಅಂದರೆ 300 ಟನ್ ರಾಡ್‌ಗೆ 750 ಟನ್! ಎಲ್‌ಇಡಿ ಬಲ್ಬ್ ಹಾಕಿಸಿ ಫೋಟೋ ತೆಗೆದು ಕಳಿಸುವವರು ಬಹಳ ಜನ ಇದ್ದಾರೆ, ಆದರೆ ಗಂಟು ಇರೋದು ರಾಡ್‌ನಲ್ಲಿ. ರಾಡ್ ಕಸ್ಟಮರೇ ಕೊಟ್ಟು ನೀವು ಬರೀ ಜಾಬ್‌ವರ್ಕ್ ಮಾಡುವ ಐಟಂ ಇದ್ದರೆ, ಆ ಸ್ಟೀಲನ್ನು ನಿಮ್ಮ ಲೆಕ್ಕಕ್ಕೆ ಎಳೆದುಕೊಳ್ಳಬೇಡಿ.

ಸಹಿಗೆ ಮುಂಚೆ ಪತ್ರದಲ್ಲಿ 42% ಯಾವುದರ ಮೇಲೆ ಅಂತ ಓದಿ. ಸಾಮಾನ್ಯವಾಗಿ ಅದು ಸ್ಕೋಪ್ 1 ಮತ್ತು 2ಕ್ಕೆ ಇರುತ್ತದೆ. ಯಾವ ವರ್ಷಕ್ಕೆ ಹೋಲಿಸಿ ಅನ್ನೋದನ್ನೂ ಬರೆಸಿಕೊಳ್ಳಿ. ಸ್ಕೋಪ್ 3 ಸೇರಿಸಿದ್ದರೆ ಒಬ್ಬರೇ ಮಾತು ಕೊಡಬೇಡಿ. ಡ್ರಾಯಿಂಗ್ ಕಸ್ಟಮರ್‌ದು, ಸ್ಟೀಲ್ ಗ್ರೇಡೂ ಅವರದ್ದೇ. ಆಮೇಲೆ ಮಾಲು ಯುರೋಪಿಗೆ ಹೋಗುತ್ತಾ ಕೇಳಿ. 2026ರ ಜನವರಿಯಿಂದ ಅಲ್ಲಿನ ಸಿಬ್ಯಾಮ್ ತೆರಿಗೆ (ಹೊರಗಿನಿಂದ ಬರುವ ಮಾಲಿನ ಕಾರ್ಬನ್ ಮೇಲೆ ಹಾಕೋದು) ಶುರು, ಬೋಲ್ಟ್, ಸ್ಕ್ರೂ, ಸ್ಟೀಲ್ ಪೈಪ್ ಫಿಟ್ಟಿಂಗ್ ಎಲ್ಲ ಆ ಪಟ್ಟಿಯಲ್ಲಿವೆ. ನಿಮ್ಮ ಫಿಟ್ಟಿಂಗ್ ಯಾವ ಎಚ್‌ಎಸ್ ಕೋಡ್‌ನಲ್ಲಿ (ಕಸ್ಟಮ್ಸ್‌ನವರು ಸರಕು ಗುರುತಿಸುವ ಸಂಖ್ಯೆ) ಹೋಗುತ್ತದೆ ಅನ್ನೋದು ಮುಖ್ಯ.

ಬೊಮ್ಮಸಂದ್ರ_ಬಾಬು:
ಮೇಡಂ ಹೇಳಿದ್ದು ನೂರಕ್ಕೆ ನೂರು. ಪೀಣ್ಯ ಅಣ್ಣ, ಬುಷ್‌ಗೆ ಸಾಲಿಡ್ ರಾಡ್ ತಂದು ನಡುವೆ ಡ್ರಿಲ್ ಹೊಡೆದು ಅರ್ಧ ಮಾಲು ಚಿಪ್ಸ್ ಮಾಡಿ ಗುಜರಿಗೆ ಹಾಕುತ್ತಿದ್ದೀರಾ? ನಾವೂ ಅದೇ ಮಾಡುತ್ತಿದ್ದೆವು. ಸೀಮ್‌ಲೆಸ್ ಟ್ಯೂಬ್‌ಗೆ ಬದಲಾಯಿಸಿದೆವು. ಟ್ಯೂಬ್ ಕೆಜಿಗೆ ದುಬಾರಿ, ಅದನ್ನು ಮಾಡೋಕೂ ಒಂದಿಷ್ಟು ಇಂಧನ ಹೋಗುತ್ತದೆ, ಆದರೂ ಸೈಕಲ್ ಟೈಮ್ (ಒಂದು ಪೀಸ್‌ಗೆ ಹಿಡಿಯುವ ಹೊತ್ತು), ಇನ್ಸರ್ಟ್ (ಲೋಹ ಕತ್ತರಿಸುವ ತುದಿ), ಕರೆಂಟ್ ಎಲ್ಲದರಲ್ಲೂ ಉಳೀತು. ನಿಮ್ಮ ಕಡೆ 50 ಟನ್ ಸ್ಟೀಲ್ ಕಮ್ಮಿಯಾದರೂ ಹೆಚ್ಚು ಕಮ್ಮಿ ವರ್ಷದ ಕರೆಂಟ್‌ನಷ್ಟೇ ಹೊಗೆ ಉಳಿದ ಹಾಗೆ. ಕಸ್ಟಮರ್ ಒಪ್ಪಿಗೆ ಬೇಕು, ನಮಗೆ ಅದಕ್ಕೇ ಎಂಟು ತಿಂಗಳು ಹಿಡೀತು. ಈಗ ಅವರೇ ಪತ್ರ ಕಳಿಸಿದ್ದಾರಲ್ಲ, ಇದೇ ಸಮಯ, ಕೇಳಿ.

ಸ್ಕೋಪ್ 2ಕ್ಕೆ ಸೋಲಾರ್ ಇದೆ. ನಮ್ಮೂರಲ್ಲಿ ಒಂದು ಕಿಲೋವ್ಯಾಟ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಚಾವಣಿ ಮೇಲೆ 30 ಕಿಲೋವ್ಯಾಟ್ ಕೂತರೆ ನಿಮ್ಮ ಬಳಕೆಯಲ್ಲಿ ಕಾಲು ಭಾಗ ಹತ್ತಿರ ಬಂತು. ಅದಕ್ಕೂ ಮುಂಚೆ ಕಂಪ್ರೆಸರ್ ನೋಡಿ. ರಜೆ ದಿನ ಎಲ್ಲಾ ಮೆಷಿನ್ ನಿಲ್ಲಿಸಿ ಕಂಪ್ರೆಸರ್ ಒಂದೇ ಓಡಿಸಿ. ಗಾಳಿ ಯಾರೂ ಬಳಸದಿದ್ದರೂ ಹತ್ತು ನಿಮಿಷದಲ್ಲಿ ಎಷ್ಟು ನಿಮಿಷ ಲೋಡ್ ಆಗುತ್ತೆ, ಅಂದರೆ ಗಾಳಿ ತುಂಬುತ್ತೆ ಅಂತ ಗಡಿಯಾರ ಹಿಡಿದು ನೋಡಿ. ಅಷ್ಟೂ ಲೀಕ್.

ಪೀಣ್ಯ_ಲೇತ್:
ಭಾನುವಾರ ಮಗನನ್ನೂ ಕರೆದುಕೊಂಡು ಹೋಗಿ ಬಾಬು ಹೇಳಿದ ಪರೀಕ್ಷೆ ಮಾಡಿದೆ. ಹತ್ತು ನಿಮಿಷದಲ್ಲಿ ಮೂರೂವರೆ ನಿಮಿಷ ಲೋಡ್! ಮೂರನೇ ಲೇತ್ ಹಿಂದಿನ ಪೈಪ್ ಸುಯ್ ಅಂತಿತ್ತು. ಅಷ್ಟು ವರ್ಷ ಮೆಷಿನ್ ಸದ್ದಲ್ಲಿ ಕೇಳಿಸಿರಲೇ ಇಲ್ಲ. ಸೋಲಾರ್ ಕಷ್ಟ, ಶೆಡ್ ಬಾಡಿಗೆಯದು, ಶೀಟ್ ಹಳೇದು, ಓನರ್ ಹತ್ತಿರ ಮಾತಾಡಬೇಕು. ಶೀಟ್ ತುಂಬಿ ಕಳಿಸಿದ್ದೇನೆ. ಪತ್ರಕ್ಕೆ ಸಹಿ ಹಾಕಿಲ್ಲ, ಬದಲಿಗೆ ಎರಡು ಬುಷ್ ಡ್ರಾಯಿಂಗ್‌ಗೆ ಟ್ಯೂಬ್ ಒಪ್ಪುತ್ತೀರಾ ಅಂತ ಬರೆದಿದ್ದೇನೆ.

ಟೂಲ್‌ರೂಮ್_ಮಂಜು:
ಆ ಎಕ್ಸೆಲ್ ಶೀಟ್ ನನಗೂ ಕಳಿಸಿ ಗುರು. ನಿನ್ನೆ ನಮಗೂ ಬಂತು.