ಪದಚರ್ಚೆ: ಚಾರಣದ ಹಾದಿಯ ಶೆಲ್ಟರ್‌ಗೆ ‘ತಂಗುದಾಣ’ ಎನ್ನಬಹುದೆ?

ಪ್ರಶ್ನೆ

ಕೊಡಗಿನ ಕಕ್ಕಬ್ಬೆ ಕಡೆಯ ಕಾಲುದಾರಿಯೊಂದಕ್ಕೆ ಫಲಕ ಬರೆಯಬೇಕಾಗಿದೆ. ಕಟ್ಟಡ ಹೀಗಿದೆ: ನಾಲ್ಕು ಕಂಬ, ಮೇಲೆ ಹೆಂಚು, ಹಿಂದೆ ಒಂದು ಗೋಡೆ, ಎರಡು ಪಕ್ಕದಲ್ಲಿ ಮೋಟುಗೋಡೆ, ಒಳಗೆ ಕೂರಲು ಜಗಲಿ. ಬಾಗಿಲಿಲ್ಲ, ನೀರಿಲ್ಲ. ಮಳೆ ಹೊಡೆದರೆ ನಿಲ್ಲಲು, ಬುತ್ತಿ ಬಿಚ್ಚಲು ಇರುವ ಜಾಗ. ಕರಡಿನಲ್ಲಿ ‘ತಂಗುದಾಣ’ ಎಂದಿದೆ. ‘ವಿಶ್ರಾಂತಿ ಗೃಹ’, ‘ಅರವಟ್ಟಿಗೆ’ ಎಂಬ ಸಲಹೆಗಳೂ ಬಂದಿವೆ. ಯಾವುದು ಸರಿ? ಕೊಡಗಿನಲ್ಲೇ ಬಳಕೆಯಲ್ಲಿರುವ ಪದ ಉಂಟೆ?

ಉತ್ತರ

‘ತಂಗುದಾಣ’ ದಯವಿಟ್ಟು ಬೇಡ. ಪದದ ರಚನೆಯಲ್ಲಿ ದೋಷವಿಲ್ಲ. ತಂಗು, ತಾಣ ಸೇರಿ ತಕಾರಕ್ಕೆ ದಕಾರ ಬಂದಿದೆ, ಬೆಟ್ಟದಾವರೆಯಲ್ಲಿ ಬಂದ ಹಾಗೆ. ತೊಡಕಿರುವುದು ‘ತಂಗು’ ಎಂಬ ಕ್ರಿಯಾಪದದಲ್ಲಿ. “ರಾತ್ರಿ ಎಲ್ಲಿ ತಂಗಿದಿರಿ?” ಎಂದು ಕೇಳುತ್ತೇವೆ, ಮಧ್ಯಾಹ್ನ ಹತ್ತು ನಿಮಿಷ ಕೂತು ಎದ್ದವರನ್ನು ಹಾಗೆ ಕೇಳುವುದಿಲ್ಲ. ರಸ್ತೆ ಬದಿಯ ‘ಪ್ರಯಾಣಿಕರ ತಂಗುದಾಣ’ದಲ್ಲಿ ಈ ಅರ್ಥ ಸವೆದುಹೋಗಿದೆ, ಅಲ್ಲಿ ಬಸ್ಸು ಬರುತ್ತದೆ, ಜನ ಹತ್ತಿ ಹೋಗುತ್ತಾರೆ. ಬೆಟ್ಟದ ಮೇಲೆ ಬಸ್ಸಿಲ್ಲ. ಅಲ್ಲಿ ಪದ ತನ್ನ ಹಳೆಯ ಅರ್ಥಕ್ಕೇ ಮರಳುತ್ತದೆ. ಸಂಜೆ ನಾಲ್ಕಕ್ಕೆ ಈ ಫಲಕ ಓದಿದವರು ಇಳಿಯುವ ಹೊತ್ತು ಲೆಕ್ಕ ಹಾಕುವುದನ್ನು ಬಿಟ್ಟು ಚೀಲ ಬಿಚ್ಚುತ್ತಾರೆ. ಕೊಡಗಿನ ಪುಷ್ಪಗಿರಿ, ಬ್ರಹ್ಮಗಿರಿ ಎರಡೂ ವನ್ಯಜೀವಿಧಾಮ. ಅನುಮತಿಯಿಲ್ಲದೆ ರಾತ್ರಿ ಉಳಿಯುವಂತಿಲ್ಲ. ಅದಕ್ಕಿಂತ ಹೆಚ್ಚಾಗಿ, ಮುಂದೆ ಬಾಗಿಲಿಲ್ಲದ ಮಾಡಿನಡಿ ಆನೆ ಓಡಾಡುವ ಕಾಡಿನಲ್ಲಿ ಮಲಗಬಾರದು. ಒಂದು ಪದ ಇಷ್ಟು ತಪ್ಪು ಭರವಸೆ ಕೊಡಬಾರದು.

‘ವಿಶ್ರಾಂತಿ ಗೃಹ’ ಇನ್ನೂ ದೂರ. ಅದನ್ನು ಓದಿದವರು ಕೋಣೆ, ಮಂಚ, ಬೀಗದ ಕೈ ಇಟ್ಟುಕೊಂಡ ಮೇಟಿಯನ್ನು ಹುಡುಕುತ್ತಾರೆ. ‘ಛತ್ರ’ ಈಗ ಮದುವೆಗೆ ಹೋಯಿತು.

‘ಅರವಟ್ಟಿಗೆ’ ನನಗೆ ಬಹಳ ಪ್ರಿಯವಾದ ಪದ. ಹಾಗಾಗಿಯೇ ಅದನ್ನು ಇಲ್ಲಿ ಹಾಕಬೇಡಿ ಎನ್ನುತ್ತೇನೆ. ಶಾಸನಗಳಲ್ಲಿ ಅಱವಟ್ಟಿಗೆ, ಅಱವಂಟಿಗೆ ಎಂದು ಶಕಟರೇಫದೊಂದಿಗೆ, ಅಂದರೆ ಹಳಗನ್ನಡದ ‘ಱ’ ಅಕ್ಷರದೊಂದಿಗೆ, ಬರುತ್ತದೆ. ಅಱ ಎಂದರೆ ಧರ್ಮ. ದಾರಿಹೋಕರಿಗೆ ಪುಕ್ಕಟೆಯಾಗಿ ನೀರು ಕೊಡುವ ಜಾಗ ಅದು. ನೆರಳಿದ್ದು ನೀರಿಲ್ಲದಿದ್ದರೆ ಅರವಟ್ಟಿಗೆ ಆಗುವುದಿಲ್ಲ. ಮಾರ್ಚ್ ತಿಂಗಳ ಬಿಸಿಲಲ್ಲಿ ಹುಲ್ಲುಗಾವಲು ಹತ್ತುವವರು ‘ಮುಂದೆ ಅರವಟ್ಟಿಗೆ’ ಎಂದು ಓದಿ ಬಾಟಲಿಯ ಕೊನೆಯ ಗುಟುಕನ್ನೂ ಕುಡಿದುಬಿಟ್ಟರೆ? ತೊರೆಯ ನೀರಿಗೆ ಪೈಪು ಹಾಕಿ ತೊಟ್ಟಿಗೆ ಬಿಟ್ಟ ಕಡೆ ಮಾತ್ರ ಆ ಪದ ಬರೆಯಿರಿ, ಅದೂ ಬೇಸಿಗೆಯಲ್ಲಿ ಬತ್ತದ ತೊರೆಯಾದರೆ.

ಸ್ಥಳೀಯ ಪದಗಳ ಬಗ್ಗೆ. ಕೊಡವ ತಕ್ಕಿನಲ್ಲಿ ‘ಅಂಬಲ’ ಉಂಟು, ಊರವರು ಸೇರಿ ಮಾತಾಡುವ ಜಾಗ. ಅದು ಊರಿನದು, ದಾರಿಯದಲ್ಲ. ಮೇಲಾಗಿ ಗಡಿಯಾಚೆಯಿಂದ ಬಂದ ಮಲಯಾಳಿಗಳು ಅದನ್ನು ದೇವಸ್ಥಾನ ಎಂದುಕೊಳ್ಳುತ್ತಾರೆ. ಸೂರಿಗೆ ನಮ್ಮಲ್ಲಿ ‘ಮಾಡು’ ಎನ್ನುವುದು ಸಹಜ, ಹೆಂಚಿನ ಮಾಡು, ಹುಲ್ಲಿನ ಮಾಡು ಎಂದ ಹಾಗೆ. ಆದರೆ ಫಲಕದಲ್ಲಿ ‘ಮಾಡು’ ಎಂದಷ್ಟೇ ಕಂಡರೆ ಬಯಲುಸೀಮೆಯವರು ಏನು ಮಾಡಬೇಕು ಎಂದು ಕೇಳಿಯಾರು. ತೋಟದ ಕೆಲಸದವರ ಬಾಯಲ್ಲಿರುವುದು ‘ಶೆಡ್ಡು’. ತಪ್ಪೇನಿಲ್ಲ, ಆದರೆ ಗೊಬ್ಬರ, ಕಾಫಿ ಮೂಟೆ ಇಡುವ ಶೆಡ್ಡಿಗೂ ಅದೇ ಹೆಸರು.

ಉಳಿದದ್ದು ‘ಮಂಟಪ’. ಕಂಬ, ಮಾಡು, ತೆರೆದ ಬದಿ: ಇಷ್ಟೇ ಅದರ ಲಕ್ಷಣ, ನಿಮ್ಮ ಕಟ್ಟಡದ ಲಕ್ಷಣವೂ ಅಷ್ಟೇ. ಮಡಿಕೇರಿಯ ರಾಜಾಸೀಟಿನಲ್ಲಿ ಕಮಾನುಗಳು ಕೂಡಿಸಿದ ನಾಲ್ಕು ಕಂಬಗಳ ಮಂಟಪವನ್ನು ಎಲ್ಲರೂ ಕಂಡಿದ್ದಾರೆ. ಅಲ್ಲಿ ಕೂರುತ್ತಾರೆ, ಯಾರೂ ಹಾಸಿಗೆ ಬಿಡಿಸುವುದಿಲ್ಲ. ಕುಕ್ಕೆ ಕಡೆಯಿಂದ ಕುಮಾರಪರ್ವತ ಹತ್ತುವ ದಾರಿಯಲ್ಲಿ ‘ಕಲ್ಲುಮಂಟಪ’ ಎಂಬುದು ಚಾರಣಿಗರೆಲ್ಲರ ಬಾಯಲ್ಲಿರುವ ಗುರುತು. ಹಾಗಾಗಿ ನನ್ನ ಮತ ‘ದಾರಿಮಂಟಪ’ಕ್ಕೆ. ಬಾಗಿಲು, ಅಗಳಿ, ಮಲಗಲು ಅಟ್ಟ, ರಾತ್ರಿಗೆ ಅನುಮತಿ ಇರುವುದು ಎಂದಾದರೂ ಬಂದರೆ ಅದಕ್ಕೆ ‘ತಂಗುಮನೆ’ ಎನ್ನಿ. ಅಮೆರಿಕದ ಅಪಲೇಶಿಯನ್ ಹಾದಿಯಲ್ಲಿ ಮೂರೇ ಗೋಡೆಯ, ಮುಂದೆ ತೆರೆದ ಮರದ ಗೂಡುಗಳಿವೆ. ಅಲ್ಲಿ ಜನ ಮಲಗುತ್ತಾರೆ, ಮಲಗಲೆಂದೇ ಅವನ್ನು ಕಟ್ಟಿದ್ದು. ನೋಟಕ್ಕೆ ನಿಮ್ಮ ಕಟ್ಟಡದಂತಿದ್ದರೂ ಅವಕ್ಕೆ ‘ತಂಗುದಾಣ’ ಒಪ್ಪುತ್ತದೆ. ಹೆಸರು ಬರಬೇಕಾದದ್ದು ಗೋಡೆ ಎಷ್ಟು ಎಂಬುದರಿಂದಲ್ಲ, ರಾತ್ರಿ ಉಳಿಯಬಹುದೆ ಎಂಬುದರಿಂದ.

ಇನ್ನೊಬ್ಬರು

ದಾರಿಮಂಟಪ ಒಪ್ಪಿದೆ. ಆದರೆ ಬರೀ ‘ಮಂಟಪ’ ಎಂದು ಚಿಕ್ಕದು ಮಾಡಬೇಡಿ. ಹಾಗೆ ಬರೆದ ಕಡೆ ಯಾರೋ ಒಂದು ಕಲ್ಲು ತಂದಿಡುತ್ತಾರೆ, ಕುಂಕುಮ ಬೀಳುತ್ತದೆ, ದೀಪ ಬರುತ್ತದೆ. ಬೇಸಿಗೆಯ ಒಣಹುಲ್ಲಿನ ಬೆಟ್ಟದಲ್ಲಿ ಒಂದು ಬತ್ತಿ ಸಾಕು.

ಕಟ್ಟಡದ ಭಾಗಗಳ ಹೆಸರನ್ನೂ ನಿಮ್ಮ ಹಾದಿಯ ಕೈಪಿಡಿಯ ಕರಡಿನಲ್ಲಿ ಸರಿಪಡಿಸಿ, ದುರಸ್ತಿಗೆ ಬರುವವರು ಅದನ್ನೇ ಓದುತ್ತಾರೆ. ‘ಬೆಂಚು’ ಅಲ್ಲ, ಜಗಲಿ: ನೆಲದಿಂದ ಒಂದೂವರೆ ಅಡಿ, ಕಾಲು ಮೇಲಿಟ್ಟು ಜಿಗಣೆ ಕೀಳುವಷ್ಟು ಅಗಲ. ‘ಓರೆ ಪಟ್ಟಿ’ ಎಂದಿರುವುದು, ಮಾಡಿನ ಇಳಿಜಾರಿನ ಉದ್ದಕ್ಕೂ ಕೂರುವ ಮರ, ಪಕಾಸು; ಅದರ ಮೇಲೆ ಅಡ್ಡ ಹೊಡೆಯುವುದು ರೀಪು. ಹೆಂಚಿಗೆ ಸುಮಾರು 30 ಡಿಗ್ರಿ ಇಳಿಜಾರು ಬೇಕು; ಕಡಿಮೆಯಾದರೆ ಗಾಳಿ ನೀರನ್ನು ಸಂದಿನೊಳಗೆ ಮೇಲಕ್ಕೇ ನೂಕುತ್ತದೆ. ‘ಹಿಂಗೋಡೆ’ ಎಂದರೆ ಯಾವ ದಿಕ್ಕು ಎಂದು ಬರೆಯಿರಿ. ಮುಂಗಾರು ನೈಋತ್ಯದಿಂದ ಬಡಿಯುತ್ತದೆ, ಆದ್ದರಿಂದ ಗೋಡೆ ಆ ಕಡೆ, ತೆರೆದ ಬದಿ ಈಶಾನ್ಯಕ್ಕೆ. ನೋಟ ಚೆನ್ನಾಗಿದೆ ಎಂದು ಪಶ್ಚಿಮಕ್ಕೆ ತೆರೆದರೆ ಜುಲೈಯಲ್ಲಿ ಜಗಲಿಯ ಮೇಲೆ ಒಂದು ಗೇಣೂ ಒಣಗಿರುವುದಿಲ್ಲ.

ಕೊನೆಗೆ ಅಕ್ಷರದ ವಿಷಯ. ಕಲ್ಲಿನಲ್ಲಿ ಕೊರೆಯುವುದಾದರೆ ಒತ್ತಕ್ಷರ ಕಡಿಮೆ ಇರುವ ಪದ ಆರಿಸಿ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪಾಚಿ ಮೊದಲು ತುಂಬುವುದು ಒತ್ತಿನ ಸಣ್ಣ ಸುಳಿಯನ್ನೇ. ‘ಟ್ಟ’ ‘ಟ’ ಆಗುತ್ತದೆ, ‘ಲ್ಲ’ ‘ಲ’ ಆಗುತ್ತದೆ. ‘ತಂಗುವಂತಿಲ್ಲ’ ಎಂಬುದರ ಬದಲು ‘ತಂಗಬಾರದು’ ಎಂದರೆ ಒತ್ತೇ ಇಲ್ಲ. ಅಕ್ಷರದ ಎತ್ತರ ಎರಡು ಇಂಚಿಗೆ ಕಡಿಮೆ ಬೇಡ. ನನ್ನ ಕರಡು:

ದಾರಿಮಂಟಪ
ಹಗಲಿಗೆ ಮಾತ್ರ. ರಾತ್ರಿ ತಂಗಬಾರದು.
ಬೆಂಕಿ, ದೀಪ ಬೇಡ.
ಇಲ್ಲಿ ನೀರು ಸಿಗದು. ಮುಂದಿನ ನೀರು: … ಕಿ.ಮೀ.

‘ಮಾತ್ರ’, ‘ರಾತ್ರಿ’, ‘ಇಲ್ಲಿ’ ಮೂರರಲ್ಲೂ ಒತ್ತು ಉಳಿದಿದೆ. ‘ಹಗಲಿಗಷ್ಟೇ’ ಎಂದರೂ ಒತ್ತು ಬರುತ್ತದೆ. ಒತ್ತಿಲ್ಲದೆ ಇದನ್ನು ಹೇಳುವ ದಾರಿ ಗೊತ್ತಿದ್ದವರು ತಿಳಿಸಿ, ಕಲ್ಲು ಕೊರೆಯುವ ಮೊದಲು.